ಮರಿಗೆ ಒಂದು ಇಂಜೆಕ್ಷನ್ ಆಗಿದೆ, ಸಾಕಲ್ವಾ?

ಪ್ರಶ್ನೆ: ನಾವು ದಾವಣಗೆರೆಯವರು. ಮನೆಯಲ್ಲಿ ಆರು ವರ್ಷದ ಪೊಮೆರೇನಿಯನ್ ಬೆಳ್ಳಿ, ಒಂದು ವರ್ಷದ ಬೆಕ್ಕು ಚಿನ್ನಿ ಇವೆ. ಕಳೆದ ತಿಂಗಳು ಮಗ ಬೀದಿಯಿಂದ ಒಂದು ನಾಯಿಮರಿ ಎತ್ತಿಕೊಂಡು ಬಂದ. ಕರಿಯ ಅಂತ ಕರೆಯುತ್ತೇವೆ, ಈಗ ಎರಡು ತಿಂಗಳು. 45 ದಿನಕ್ಕೆ ಒಂದು ಇಂಜೆಕ್ಷನ್ ಹಾಕಿಸಿದ್ದೇವೆ. ಇನ್ನೂ ಮೂರು ಸಲ ಬರಬೇಕು ಅಂದರು. ಅಷ್ಟೊಂದು ಬೇಕಾ? ಬೆಕ್ಕಿಗೂ ಹಾಕಿಸಿ ಅಂತಾರೆ. "ನಮ್ಮ ಕಾಲದಲ್ಲಿ ಯಾವ ಬೆಕ್ಕಿಗೆ ಸೂಜಿ ಚುಚ್ಚಿಸಿದ್ವಿ" ಅಂತ ಅತ್ತೆ ಬೈತಾರೆ. ಬೆಳ್ಳಿಯ ಬಾಯಿ ವಿಪರೀತ ವಾಸನೆ. ಅರಿವಳಿಕೆ ಕೊಟ್ಟು ಹಲ್ಲು ಕ್ಲೀನ್ ಮಾಡಬೇಕಂತೆ. ಆದರೆ ಅವಳು ಚೆನ್ನಾಗಿ ಊಟ ಮಾಡ್ತಾಳೆ, ಆಡ್ತಾಳೆ. ಸುಮ್ನೆ ಯಾಕೆ ಮತ್ತು ಬರಿಸೋದು ಅಂತ ಭಯ.

ಉತ್ತರ: ಮೊದಲು ಕರಿಯನ ವಿಷಯ ಮುಗಿಸೋಣ. ಬೆಳ್ಳಿ, ಚಿನ್ನಿ ಒಂದೆರಡು ವಾರ ಕಾಯಬಹುದು. ಅವನು ಕಾಯುವಂತಿಲ್ಲ.

ಹಸು ಕರು ಹಾಕಿದ ಮನೆಯಲ್ಲಿ ನೀವು ಗಿಣ್ಣು ತಿಂದಿರುತ್ತೀರಿ. ನಾಯಿಗೂ ಹಾಗೆಯೇ ಗಿಣ್ಣು ಹಾಲು ಬರುತ್ತದೆ. ಹುಟ್ಟಿದ ಮೊದಲ ದಿನ ಮರಿ ಕುಡಿದ ಆ ಹಾಲಿನ ಜೊತೆ ತಾಯಿಯ ರೋಗನಿರೋಧಕ ಶಕ್ತಿಯೂ ಅದರ ಮೈಗೆ ಇಳಿಯುತ್ತದೆ. ತಾಯಿ ಕೊಟ್ಟು ಕಳಿಸಿದ ಕಾವಲುಗಾರ ಅಂದುಕೊಳ್ಳಿ. ಕಾವಲೇನೋ ಗಟ್ಟಿ. ಆದರೆ ರೋಗದ ವೈರಸ್ ಯಾವುದು, ಲಸಿಕೆಯೊಳಗಿನ ಸಾಧು ವೈರಸ್ ಯಾವುದು ಅಂತ ಅವನಿಗೆ ಗೊತ್ತಾಗುವುದಿಲ್ಲ. ಎರಡನ್ನೂ ಬಾಗಿಲಲ್ಲೇ ಹೊಡೆದು ಹಾಕುತ್ತಾನೆ. ಮರಿಯ ಸ್ವಂತ ದೇಹ ಆ ವೈರಸ್ಸಿನ ಗುರುತು ಹಿಡಿಯುವುದೇ ಇಲ್ಲ. ಚೀಟಿಯಲ್ಲಿ ಮಾತ್ರ "ಲಸಿಕೆ ಆಗಿದೆ" ಅಂತ ಇರುತ್ತದೆ.

ಈ ಕಾವಲುಗಾರ ಎಂಟು ವಾರಕ್ಕೇ ಹೊರಟುಹೋಗುವ ಮರಿಗಳಿವೆ. ಹದಿನಾಲ್ಕು ಹದಿನೈದು ವಾರದವರೆಗೂ ಕೂತಿರುವ ಮರಿಗಳೂ ಇವೆ. ಒಂದೇ ಸೂಲಿನ ಅಣ್ಣತಮ್ಮಂದಿರಲ್ಲೇ ಇಷ್ಟು ವ್ಯತ್ಯಾಸ ಇರುತ್ತದೆ. ಕರಿಯ ಯಾವ ಪೈಕಿ ಅಂತ ಮುಖ ನೋಡಿ ಹೇಳಲಾಗದು. ಅದಕ್ಕೇ ಮೂರು ನಾಲ್ಕು ವಾರಕ್ಕೊಮ್ಮೆ ಹಾಕುತ್ತಾ ಹೋಗುವುದು. ಮೊದಲ ಡೋಸ್ ದುರ್ಬಲ, ಎರಡನೆಯದು ಅದಕ್ಕೆ ಬಲ ಕೊಡುತ್ತದೆ ಅಂತಲ್ಲ. ಯಾವುದೋ ಒಂದು ಹತ್ತುತ್ತದೆ, ಯಾವುದು ಅಂತ ನಮಗೆ ತಿಳಿಯುವುದಿಲ್ಲ, ಅಷ್ಟೇ. ಹದಿನಾರು ವಾರ ದಾಟಿದ ಮೇಲೆ ಹಾಕುವ ಡೋಸ್ ಮಾತ್ರ ಹೆಚ್ಚುಕಮ್ಮಿ ಎಲ್ಲ ಮರಿಗಳಿಗೂ ಹತ್ತುತ್ತದೆ. "ಡಾಕ್ಟ್ರೇ, ಒಂದೇ ಒಂದು ಹಾಕಿಸೋಕೆ ಆಗೋದು" ಅಂತ ಯಾರಾದರೂ ಕಷ್ಟ ಹೇಳಿಕೊಂಡರೆ ನಾನು ಆರಿಸುವುದು ಆ ಕೊನೆಯದನ್ನೇ. ಜನ ತಪ್ಪಿಸುವುದೂ ಅದನ್ನೇ.

ಇದನ್ನು ನಾನು ಕಲಿತದ್ದು ಒಂದು ಮರಿಯ ಸಾವಿನಿಂದ. ಕೆಲಸದ ಆರಂಭದ ವರ್ಷಗಳಲ್ಲಿ ಎರಡು ಡೋಸ್ ಹಾಕಿ "ಆಯ್ತು, ಬರೋ ವರ್ಷ ಬನ್ನಿ" ಅಂತ ಪುಸ್ತಕದಲ್ಲಿ ಬರೆದು ಕಳಿಸುತ್ತಿದ್ದೆ. ಹಾಗೆ ಕಳಿಸಿದ ಲ್ಯಾಬ್ರಡಾರ್ ಮರಿಯೊಂದು ಮೂರೂವರೆ ತಿಂಗಳಿಗೆ ವಾಪಸ್ ಬಂತು. ಟವೆಲ್ಲಿನಲ್ಲಿ ಸುತ್ತಿದ್ದರು. ಬಿಚ್ಚುವ ಮೊದಲೇ ಆ ವಾಸನೆ ಬಂತು. ಪಾರ್ವೋ ಅನ್ನುವ ವೈರಸ್ ತರುವ ರಕ್ತಭೇದಿಯ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಮರೆಯುವಂಥದ್ದಲ್ಲ. ಮೂರು ದಿನ ಡ್ರಿಪ್ ಹಾಕಿದೆವು. ಉಳಿಯಲಿಲ್ಲ. ಆ ಮನೆಯ ಹುಡುಗ ಲಸಿಕೆ ಪುಸ್ತಕ ತೆರೆದು ನನ್ನ ಸಹಿ ತೋರಿಸಿದ. ನನ್ನ ಬಳಿ ಉತ್ತರ ಇರಲಿಲ್ಲ.

ಕರಿಯನ ಲೆಕ್ಕ ಹೀಗೆ ಇಟ್ಟುಕೊಳ್ಳಿ: 45 ದಿನದ್ದು ಆಗಿದೆ. ಮುಂದಿನದು 70, ಆಮೇಲೆ 95, ಕೊನೆಯದು 120ನೇ ದಿನ. ಎರಡು ಮೂರು ದಿನ ಆಚೀಚೆ ಆದರೆ ಪರವಾಗಿಲ್ಲ, ಆದರೆ ಕೊನೆಯದು 112 ದಿನಕ್ಕಿಂತ ಮುಂಚೆ ಬೇಡ. ಆರು ತಿಂಗಳು ತುಂಬಿದಾಗ ಇನ್ನೊಂದು. ಮೊದಲು ಇದನ್ನು ವರ್ಷಕ್ಕೆ ಹಾಕುತ್ತಿದ್ದೆವು. ಹತ್ತದೇ ಉಳಿದ ಮರಿ ಅಷ್ಟು ದಿನ ಬಯಲಲ್ಲಿ ಇರುವುದು ಬೇಡ ಅಂತ ಈಗ ಆರು ತಿಂಗಳಿಗೇ ತಂದಿದ್ದಾರೆ.

"ಸೆವೆನ್ ಇನ್ ಒನ್", "ನೈನ್ ಇನ್ ಒನ್" ಅನ್ನುವ ಈ ಇಂಜೆಕ್ಷನ್ನಿನಲ್ಲಿ ಮುಖ್ಯವಾದವು ಜ್ವರ, ಕೆಮ್ಮು, ಫಿಟ್ಸ್ ತರುವ ಡಿಸ್ಟೆಂಪರ್ ವೈರಸ್, ಪಾರ್ವೋ ಮತ್ತು ಲಿವರಿಗೆ ಬರುವ ವೈರಸ್. ಇವುಗಳ ರಕ್ಷಣೆ ಒಮ್ಮೆ ಹತ್ತಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ಆದರೆ ಅದರಲ್ಲೇ ಇರುವ ಲೆಪ್ಟೊ, ಅಂದರೆ ನಾವು ಇಲಿ ಜ್ವರ ಅನ್ನುವುದು, ಅದರ ರಕ್ಷಣೆ ವರ್ಷಕ್ಕಿಂತ ಜಾಸ್ತಿ ಬಾಳುವುದಿಲ್ಲ. ಇಲಿಯ ಉಚ್ಚೆ ಬಿದ್ದ ನೀರಿನಿಂದ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿ ಕಡೆ ಇದರ ಕಾಟ ಜಾಸ್ತಿ. "ಪ್ರತಿ ವರ್ಷ ಎಲ್ಲಾನೂ ಬೇಕಾ" ಅಂತ ಕೇಳುವವರಿಗೆ ನನ್ನ ಉತ್ತರ: ಎಲ್ಲವೂ ಬೇಕಿಲ್ಲ, ಲೆಪ್ಟೊ ಮತ್ತು ರೇಬೀಸ್ ತಪ್ಪಿಸಬೇಡಿ. ಉಳಿದದ್ದನ್ನು ಮೂರು ವರ್ಷಕ್ಕೊಮ್ಮೆ ಹಾಕುವ ಬಗ್ಗೆ ನಿಮ್ಮ ಡಾಕ್ಟರ ಜೊತೆ ಮಾತಾಡಿ.

120ನೇ ದಿನದವರೆಗೆ ಕರಿಯನನ್ನು ರಸ್ತೆಯಲ್ಲಿ ಇಳಿಸಬೇಡಿ. ಆಸ್ಪತ್ರೆಯ ನೆಲದ ಮೇಲಂತೂ ಬೇಡವೇ ಬೇಡ, ಕಾಯಿಲೆ ನಾಯಿಗಳು ಬಂದು ನಿಲ್ಲುವ ಜಾಗ ಅದೇ ತಾನೇ. ಹಾಗಂತ ಕೋಣೆಯಲ್ಲಿ ಕೂಡಿಹಾಕಬೇಡಿ. ಎತ್ತಿಕೊಂಡು ಜಗಲಿಯಲ್ಲಿ ಕೂರಿ. ಆಟೋ, ಮಿಕ್ಸಿ, ಪಟಾಕಿ, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ಅಜ್ಜ, ಎಲ್ಲವನ್ನೂ ಈ ವಯಸ್ಸಿನಲ್ಲೇ ನೋಡಬೇಕು. ಮೂರು ತಿಂಗಳು ದಾಟಿದ ಮೇಲೆ ಹೊಸದೆಲ್ಲ ಹೆದರಿಕೆಯಾಗಿ ಕಾಣುತ್ತದೆ.

ಮನೆ ಒರೆಸುವ ಫಿನಾಯಿಲ್ ಬಗ್ಗೆಯೂ ಒಂದು ಮಾತು. ಪಾರ್ವೋ ವೈರಸ್ ಮಣ್ಣಿನಲ್ಲಿ, ನೆಲದ ಸಂದಿಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲ್‌ಗೆ ಸಾಯುವುದಿಲ್ಲ. ಬ್ಲೀಚ್‌ಗೆ ಸಾಯುತ್ತದೆ: ಒಂದು ಪಾಲಿಗೆ ಮೂವತ್ತು ಪಾಲು ನೀರು ಹಾಕಿ, ಮೊದಲು ತೊಳೆದ ನೆಲದ ಮೇಲೆ ಸುರಿದು ಹತ್ತು ನಿಮಿಷ ಬಿಡಬೇಕು. ಎರಡನ್ನೂ ಕಲಸಬೇಡಿ. ಇನ್ನೊಂದು ವಿಷಯ, ಫಿನಾಯಿಲ್ ಬೆಕ್ಕಿಗೆ ವಿಷ. ಬೆಕ್ಕಿನ ಲಿವರಿಗೆ ಅದನ್ನು ಕರಗಿಸಿ ಹೊರಹಾಕುವ ತಾಕತ್ತಿಲ್ಲ. ಒದ್ದೆ ನೆಲದ ಮೇಲೆ ನಡೆದು ಚಿನ್ನಿ ಪಾದ ನೆಕ್ಕುತ್ತಾಳೆ ಅಲ್ವಾ, ಹಾಗೆಯೇ ಹೊಟ್ಟೆಗೆ ಹೋಗುವುದು. ಪ್ಯಾರಾಸಿಟಮಾಲ್ ಕಥೆಯೂ ಅದೇ. ಮನುಷ್ಯರಿಗೆ ಜ್ವರಕ್ಕೆ ಕೊಡುವ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ಈಗ ರೇಬೀಸ್. 95ನೇ ದಿನ ಕರಿಯನನ್ನು ಕರೆದೊಯ್ದಾಗ ರೇಬೀಸ್ ಲಸಿಕೆಯೂ ಆಗಲಿ, 120ಕ್ಕೆ ಇನ್ನೊಂದು. ಆಮೇಲೆ ವರ್ಷ ತುಂಬಿದಾಗ, ಅಲ್ಲಿಂದ ಪ್ರತಿ ವರ್ಷ. ಪ್ರಪಂಚದಲ್ಲಿ ರೇಬೀಸ್‌ನಿಂದ ಸಾಯುವವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ ನಮ್ಮ ದೇಶದವರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಕ್ಷಣ ಕಾಣಿಸಿದ ಮೇಲೆ ನಾಯಿಗಾಗಲಿ ಮನುಷ್ಯರಿಗಾಗಲಿ ಔಷಧಿ ಇಲ್ಲ. ಮುಂಚೆ ಹಾಕಿದ ಲಸಿಕೆ ಮಾತ್ರ ಕಾಯುತ್ತದೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಲೂಯಿ ಪಾಶ್ಚರ್ ತೀರಿಕೊಂಡ ದಿನ. ಆ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವ ಶಿಬಿರಗಳಿರುತ್ತವೆ. ನಮ್ಮನ್ನು ಊರಲ್ಲಿ "ದನದ ಡಾಕ್ಟ್ರು" ಅಂತಲೇ ಕರೆಯುವುದು, ಆದರೆ ನಾಯಿ ಬೆಕ್ಕಿಗೂ ಅಲ್ಲಿ ಜಾಗ ಇದೆ, ಸಂಕೋಚ ಬೇಡ.

ಒಂದು ವಿಷಯ ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಕರಿಯ ಬಂದ ಮೇಲೆ ಮಗನ ಕೈಗೆ ಹಲ್ಲು ತಾಗಿಸಿ ರಕ್ತ ಬಂದಿದೆಯಾ? ಬಂದೇ ಇರುತ್ತದೆ, ಮರಿ ಹಲ್ಲು ಸೂಜಿ ಹಾಗೆ. ಮರಿಗೆ ರೇಬೀಸ್ ಬರಲ್ಲ ಅನ್ನುವುದು ಸುಳ್ಳು. ತಾಯಿ ಯಾರು, ಅವನನ್ನು ಯಾವ ನಾಯಿ ಕಚ್ಚಿತ್ತು, ಯಾರಿಗೂ ಗೊತ್ತಿಲ್ಲ. ಹಾಗಾಗಿ ಮಗನನ್ನು ಮನುಷ್ಯರ ಡಾಕ್ಟರ ಹತ್ತಿರ ಒಮ್ಮೆ ಕರೆದುಕೊಂಡು ಹೋಗಿ, ಹೀಗೆ ಅಂತ ಹೇಳಿ. ಇನ್ನು ಮುಂದೆ ಪರಚಿದರೂ ಕಚ್ಚಿದರೂ ನಲ್ಲಿ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ, ನಿಜವಾದ ಹದಿನೈದು ನಿಮಿಷ ತುಂಬಾ ಉದ್ದ. ಸುಣ್ಣ, ಖಾರದ ಪುಡಿ, ಕಾಫಿಪುಡಿ ಏನೂ ಮೆತ್ತಬೇಡಿ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುವ ಕಾಲ ಹೋಗಿ ಇಪ್ಪತ್ತು ವರ್ಷವಾಯಿತು. ಈಗ ತೋಳಿಗೆ ಹಾಕುತ್ತಾರೆ, ನಾಲ್ಕೈದು ಭೇಟಿಯಲ್ಲಿ ಮುಗಿಯುತ್ತದೆ.

ಅತ್ತೆಯವರಿಗೆ ಬರೋಣ. ಅವರ ಮಾತು ಸುಳ್ಳಲ್ಲ, ಆ ಕಾಲದಲ್ಲಿ ಬೆಕ್ಕಿಗೆ ಯಾರೂ ಹಾಕಿಸುತ್ತಿರಲಿಲ್ಲ. ಆದರೆ ಆ ಕಾಲದಲ್ಲಿ ನಾಲ್ಕು ಮರಿ ಹುಟ್ಟಿದರೆ ಎಷ್ಟು ಉಳಿಯುತ್ತಿದ್ದವು ಅಂತ ಅವರನ್ನೇ ಮೆಲ್ಲಗೆ ಕೇಳಿ ನೋಡಿ. "ಯಾಕೋ ಎರಡು ದಿನ ವಾಂತಿ ಮಾಡ್ಕೊಂಡು ಹೋಯ್ತು" ಅಂತ ಅವರೇ ಹೇಳುತ್ತಾರೆ. ಆ "ಯಾಕೋ" ಅನ್ನುವುದು ಬಹಳ ಸಲ ಬೆಕ್ಕಿನ ಪಾರ್ವೋ, ಪ್ಯಾನ್‌ಲ್ಯುಕೊಪೀನಿಯಾ. ಅದು ಬರುವುದಕ್ಕೆ ಬೆಕ್ಕು ಹೊರಗೆ ಹೋಗಬೇಕಂತಿಲ್ಲ. ನಿಮ್ಮ ಚಪ್ಪಲಿ ಹೋಗಿ ಬಂದರೆ ಸಾಕು. ನಾವು ಚಪ್ಪಲಿಯನ್ನು ಬಾಗಿಲಾಚೆ ಬಿಡುವವರು ನಿಜ. ಆದರೆ ಬೆಕ್ಕು ಹೋಗಿ ಮಲಗುವುದು ಎಲ್ಲಿ ಹೇಳಿ? ಆ ಚಪ್ಪಲಿ ಸ್ಟ್ಯಾಂಡಿನ ಮೇಲೆಯೇ.

ಚಿನ್ನಿಗೆ ವರ್ಷವಾಗಿರುವುದರಿಂದ ಲೆಕ್ಕ ಸುಲಭ. ಟ್ರೈಕ್ಯಾಟ್ ಅನ್ನುವ ಮೂರು ರೋಗಗಳ ಲಸಿಕೆ ಈಗೊಂದು, ನಾಲ್ಕು ವಾರ ಬಿಟ್ಟು ಇನ್ನೊಂದು. ಪ್ಯಾನ್‌ಲ್ಯುಕೊಪೀನಿಯಾ ಜೊತೆ ಬೆಕ್ಕಿನ ನೆಗಡಿ ತರುವ ಎರಡು ವೈರಸ್ ಅದರಲ್ಲಿವೆ. ಜೊತೆಗೆ ರೇಬೀಸ್. ಬೆಕ್ಕೂ ಕಚ್ಚುತ್ತದೆ, ಬೆಕ್ಕಿಗೂ ರೇಬೀಸ್ ಬರುತ್ತದೆ. ಹೆಂಚಿನ ಮನೆಯಾದರೆ "ಮನೆಯೊಳಗಿನ ಬೆಕ್ಕು" ಅನ್ನುವುದೇ ಒಂದು ನಂಬಿಕೆ, ರಾತ್ರಿ ಎರಡು ಗಂಟೆಗೆ ಎದ್ದು ಹುಡುಕಿ ನೋಡಿ.

ಎಲ್ಲಿ ಹಾಕಿಸುತ್ತೀರಿ ಅನ್ನುವುದೂ ಮುಖ್ಯ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಅಂಗಡಿಯಲ್ಲಿ ಕೊಂಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಮೇಲೆ ತಂದರೆ, ನೀವು ಚುಚ್ಚಿಸುವುದು ಬರೀ ನೀರು. ಬಾಟಲಿಯ ಮೇಲಿನ ಸ್ಟಿಕ್ಕರ್ ಕಿತ್ತು ಪುಸ್ತಕದಲ್ಲಿ ಅಂಟಿಸಿ, ತಾರೀಖು ಹಾಕಿ, ಸಹಿ ಮಾಡಿಸಿಕೊಳ್ಳಿ. ಹಾಕಿಸಿದ ಮೇಲೆ ಇಪ್ಪತ್ತು ನಿಮಿಷ ಅಲ್ಲೇ ಕೂತಿರಿ. ಮುಖ ಊದಿದರೆ, ವಾಂತಿಯಾದರೆ ತಕ್ಷಣ ಒಳಗೆ ಕರೆದುಕೊಂಡು ಹೋಗಿ. ಒಂದು ದಿನ ಮಂಕಾಗಿ ಮಲಗಿದರೆ ಹೆದರಬೇಡಿ.

ಇನ್ನು ಬೆಳ್ಳಿ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದ ಸಾಲು "ಚೆನ್ನಾಗಿ ಊಟ ಮಾಡ್ತಾಳೆ" ಅನ್ನುವುದು. ನಾಯಿ ಹಲ್ಲು ನೋವಿಗೆ ಊಟ ಬಿಡುವುದಿಲ್ಲ. ನೋವಿಲ್ಲದ ಕಡೆ ಅಗಿಯುತ್ತದೆ, ಅದೂ ಆಗದಿದ್ದರೆ ನುಂಗುತ್ತದೆ.

ಒಮ್ಮೆ ಹಿರಿಯರೊಬ್ಬರು ಒಂಬತ್ತು ವರ್ಷದ ನಾಯಿಯನ್ನು ತಂದರು. ಎಡಗಣ್ಣಿನ ಕೆಳಗೆ ಕಡಲೆಕಾಳಿನಷ್ಟು ತೂತು, ಅದರಿಂದ ಕೀವು. ಮೂರು ತಿಂಗಳಿಂದ ಅರಿಶಿನ ಹಚ್ಚಿದ್ದರು, ಬೇವಿನೆಣ್ಣೆ ಹಚ್ಚಿದ್ದರು, ಮಾತ್ರೆ ನುಂಗಿಸಿದ್ದರು. ಆರುತ್ತದೆ, ಮತ್ತೆ ಒಡೆಯುತ್ತದೆ. ಮುಳ್ಳು ಚುಚ್ಚಿದೆ ಅಂತ ಅವರ ಲೆಕ್ಕ. ನಾನು ತುಟಿ ಎತ್ತಿದೆ. ಮೇಲಿನ ದೊಡ್ಡ ದವಡೆ ಹಲ್ಲು ಉದ್ದಕ್ಕೆ ಸೀಳಿತ್ತು. ಆ ಹಲ್ಲಿನ ಬೇರು ಸರಿಯಾಗಿ ಕಣ್ಣಿನ ಕೆಳಗೆ ಕೂತಿರುತ್ತದೆ. ಕೀವು ಬೇರಿನಿಂದ ದಾರಿ ಮಾಡಿಕೊಂಡು ಕೆನ್ನೆ ಒಡೆದು ಹೊರಬಂದಿತ್ತು. ಹಲ್ಲು ಕಿತ್ತೆವು. ಎರಡು ವಾರದೊಳಗೆ ತೂತು ತಾನಾಗಿ ಮುಚ್ಚಿತು. "ಒಂದು ಹೊತ್ತೂ ಊಟ ಬಿಟ್ಟಿರಲಿಲ್ವಲ್ಲ" ಅಂತ ಅವರು ಕೇಳುತ್ತಲೇ ಇದ್ದರು. ಹಲ್ಲು ಸೀಳಿದ್ದು ಗಟ್ಟಿ ಎಲುಬು ಕಡಿದು. ಅದಕ್ಕೇ ಹೇಳುವುದು, ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಯಾವುದನ್ನೂ ನಾಯಿಗೆ ಕಡಿಯಲು ಕೊಡಬೇಡಿ. ಬೇಯಿಸಿದ ಎಲುಬಂತೂ ಚೂರಾಗಿ ಕರುಳಿಗೆ ಚುಚ್ಚುತ್ತದೆ.

ಇವತ್ತು ಸಂಜೆ ಬೆಳ್ಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಾಯಿ ತೆರೆಯದೆ, ಪಕ್ಕದ ತುಟಿ ಮಾತ್ರ ಮೇಲಕ್ಕೆತ್ತಿ. ಹಿಂದಿನ ಹಲ್ಲುಗಳ ಬುಡದಲ್ಲಿ ಹಳದಿ ಕಂದು ಕಿಟ್ಟ ಕಟ್ಟಿರುತ್ತದೆ. ವಸಡಿನ ಅಂಚು ನಸುಗೆಂಪು ಇರಬೇಕಾದದ್ದು ಕಡುಕೆಂಪು ಗೆರೆಯಾಗಿರುತ್ತದೆ. ಊಟದ ಮೇಲೆ ಹಲ್ಲಿಗೆ ಅಂಟುವ ಪಾಚಿ ಒಂದೆರಡು ದಿನದಲ್ಲೇ ಎಂಜಲಿನ ಸುಣ್ಣದ ಅಂಶ ಸೇರಿ ಗಟ್ಟಿಯಾಗತೊಡಗುತ್ತದೆ. ಆಮೇಲೆ ಬ್ರಷ್‌ಗೆ ಬರುವುದಿಲ್ಲ. ಅದು ವಸಡಿನ ಕೆಳಗೆ ಇಳಿದು ದವಡೆ ಮೂಳೆಯನ್ನು ತಿನ್ನುತ್ತದೆ. ಪೊಮೆರೇನಿಯನ್‌ಗೆ ಇದು ಜಾಸ್ತಿ, ಯಾಕಂದರೆ ಅಷ್ಟು ಚಿಕ್ಕ ಬಾಯಿಯಲ್ಲೂ ದೊಡ್ಡ ನಾಯಿಯಷ್ಟೇ, 42 ಹಲ್ಲು. ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ತೀರಾ ಹಳೆಯದಾದರೆ ದವಡೆ ತೆಳುವಾಗಿ, ಕುರ್ಚಿಯಿಂದ ಹಾರಿದ್ದಕ್ಕೆ ಮುರಿದದ್ದೂ ಇದೆ.

ಅರಿವಳಿಕೆ ಬೇಕೇ ಬೇಕು. ಕೆಲಸ ಇರುವುದು ವಸಡಿನ ಕೆಳಗೆ, ಎಚ್ಚರ ಇರುವ ನಾಯಿ ಅಲ್ಲಿಗೆ ಕೈ ಹಾಕಲು ಬಿಡುವುದಿಲ್ಲ. ಕೆಲವು ಕಡೆ ಮತ್ತು ಬರಿಸದೆ ಹಿಡಿದುಕೊಂಡೇ ಕೆರೆದು ಕೊಡುತ್ತಾರೆ. ಮೇಲೆ ಹೊಳೆಯುತ್ತದೆ, ಕೆಳಗೆ ಕೊಳೆಯುವುದು ಹಾಗೇ ಇರುತ್ತದೆ. ದುಡ್ಡೂ ದಂಡ, ನಾಯಿಗೆ ಬಾಯಿ ಮುಟ್ಟಿದರೆ ಭಯವೂ ಅಂಟುತ್ತದೆ. ಭಯ ನಿಮಗಿರುವುದು ತಪ್ಪಲ್ಲ, ಆದ್ದರಿಂದ ಹೋಗುವ ಮೊದಲು ಕೇಳಿ: ರಕ್ತ ಪರೀಕ್ಷೆ ಮಾಡುತ್ತೀರಾ, ಹೃದಯ ಕೇಳುತ್ತೀರಾ, ಗಂಟಲಿಗೆ ಟ್ಯೂಬ್ ಹಾಕುತ್ತೀರಾ? ಟ್ಯೂಬ್ ಇದ್ದರೆ ತೊಳೆಯುವ ನೀರು ಶ್ವಾಸಕೋಶಕ್ಕೆ ಇಳಿಯುವುದಿಲ್ಲ. ಅರಿವಳಿಕೆಯ ಅಮಲು ಇಳಿಯುವವರೆಗೆ ಪಕ್ಕದಲ್ಲಿ ಯಾರು ಇರುತ್ತಾರೆ? ಈ ಪ್ರಶ್ನೆಗಳಿಗೆ ಬೇಜಾರಿಲ್ಲದೆ ಉತ್ತರ ಕೊಡುವ ಡಾಕ್ಟರ ಹತ್ತಿರ ಮಾಡಿಸಿ. ಪೊಮೆರೇನಿಯನ್‌ಗಳಲ್ಲಿ ಶ್ವಾಸನಾಳ ಮೆತ್ತಗಾಗಿ ಕುಸಿಯುವ ತೊಂದರೆ ಉಂಟು. ಬೆಳ್ಳಿ ಬಾತುಕೋಳಿ ಕೂಗಿದ ಹಾಗೆ ಕೆಮ್ಮುತ್ತಿದ್ದರೆ ಅದನ್ನು ಮರೆಯದೆ ಹೇಳಿ.

ಕ್ಲೀನ್ ಆದ ಮೇಲೆ ಬ್ರಷ್ ಹಿಡಿಯುವುದು ನಿಮ್ಮ ಕೆಲಸ. ಇಲ್ಲದಿದ್ದರೆ ವರ್ಷದಲ್ಲಿ ಮತ್ತೆ ಅದೇ ಕಥೆ. ಮೊದಲ ವಾರ ಬೆರಳಿಗೆ ಸ್ವಲ್ಪ ಮೊಸರು ಹಚ್ಚಿ ತುಟಿಯೊಳಗೆ ಒಮ್ಮೆ ಸವರಿ, ಅಷ್ಟೇ. ಎರಡನೇ ವಾರ ಬೆರಳಿಗೆ ಗಾಜ್ ಬಟ್ಟೆ ಸುತ್ತಿ. ಮೂರನೇ ವಾರ ಮಕ್ಕಳ ಮೆತ್ತನೆ ಬ್ರಷ್. ಹಲ್ಲಿನ ಹೊರಭಾಗ ಉಜ್ಜಿದರೆ ಸಾಕು, ಒಳಭಾಗವನ್ನು ನಾಲಿಗೆಯೇ ನೋಡಿಕೊಳ್ಳುತ್ತದೆ. ಅರ್ಧ ನಿಮಿಷದ ಕೆಲಸ, ಆದರೆ ದಿನಾ. ಪೇಸ್ಟ್ ನಾಯಿಯದೇ ಆಗಬೇಕು. ನಮ್ಮದನ್ನು ನಾವು ಉಗುಳುತ್ತೇವೆ, ಅವು ನುಂಗುತ್ತವೆ. ಕೆಲವು ಪೇಸ್ಟಿನಲ್ಲಿರುವ ಕ್ಸೈಲಿಟಾಲ್ ಅನ್ನುವ ಸಿಹಿ ನಾಯಿಗೆ ವಿಷ. ಲವಂಗದ ಎಣ್ಣೆ ಚಿನ್ನಿಯ ಬಾಯಿಗೆ ಹಚ್ಚಲೇಬೇಡಿ. ಗ್ಲೂಕೋಸ್ ಬಿಸ್ಕತ್ತು ನಿಲ್ಲಿಸಿ, ಬೆಳ್ಳಿ ಕಟ್ಟಿಕೊಂಡಿರುವ ಕಿಟ್ಟದಲ್ಲಿ ಅದರ ಪಾಲೂ ಇದೆ.

ಕರಿಯನಿಗೂ ಈಗಿಂದಲೇ ಬಾಯಿ ಮುಟ್ಟಿಸಿಕೊಳ್ಳುವ ಅಭ್ಯಾಸ ಮಾಡಿಸಿ. ನಾಲ್ಕರಿಂದ ಆರು ತಿಂಗಳಲ್ಲಿ ಹಾಲು ಹಲ್ಲು ಬೀಳುತ್ತವೆ. ಕೋರೆ ಹಲ್ಲು ಎರಡೆರಡು ಕಂಡರೆ ಹಳೆಯದು ಬಿದ್ದಿಲ್ಲ ಅಂತ, ತೋರಿಸಿ. ಚಿನ್ನಿ ಹಸಿದು ತಟ್ಟೆಯ ಹತ್ತಿರ ಓಡಿ ಬಂದು, ಒಂದು ತುತ್ತು ಕಚ್ಚಿ, ಕಿರುಚಿ ಹಿಂದೆ ಸರಿದರೆ ಅದು ಸೊಕ್ಕಲ್ಲ, ಬಾಯಿ ನೋವು.

ಜಂತುಹುಳದ ಔಷಧಿ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕರಿಯನಿಗೆ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ದೊಡ್ಡವರಿಬ್ಬರಿಗೆ ಮೂರು ತಿಂಗಳಿಗೊಮ್ಮೆ. ಡೋಸ್ ತೂಕ ನೋಡಿ ಕೊಡುವುದು, ಅಂದಾಜಿಗಲ್ಲ. ಬಾಲದ ಬುಡದಲ್ಲಿ ಸೌತೆಬೀಜದಂಥ ಚೂರುಗಳು ಕಂಡರೆ ಅದು ಚಿಗಟದಿಂದ ಬರುವ ಲಾಡಿಹುಳು, ಚಿಗಟಕ್ಕೂ ಮದ್ದು ಮಾಡಬೇಕು. ರಕ್ತ ಹೀರುವ ಉಣ್ಣೆಹುಳಕ್ಕೆ ಸೀಮೆಎಣ್ಣೆ ಬೇಡ. ನಾಯಿಯ ಬೆನ್ನಿಗೆ ಹಾಕುವ ಉಣ್ಣೆ ಔಷಧಿಯಲ್ಲಿ ಪರ್ಮೆತ್ರಿನ್ ಇದ್ದರೆ ಅದು ಬೆಕ್ಕಿಗೆ ಪ್ರಾಣಾಪಾಯ. ನಿಮ್ಮ ಮನೆಯಲ್ಲಿ ಬೆಳ್ಳಿ ಚಿನ್ನಿ ಒಟ್ಟಿಗೆ ಮಲಗುವುದಾದರೆ ಕೊಳ್ಳುವ ಮುಂಚೆಯೇ "ಮನೆಯಲ್ಲಿ ಬೆಕ್ಕಿದೆ" ಅಂತ ಹೇಳಿ.

ಮೂರನ್ನೂ ಒಂದೇ ಆಟೋದಲ್ಲಿ ಒಂದೇ ದಿನ ಕರೆದೊಯ್ಯಬೇಡಿ. 70ನೇ ದಿನಕ್ಕೆ ಕರಿಯ, ಆ ವಾರವೇ ಇನ್ನೊಂದು ದಿನ ಬೆಳ್ಳಿಯ ರಕ್ತ ಪರೀಕ್ಷೆ. ಚಿನ್ನಿಗೆ ಮುಚ್ಚಳ ಇರುವ ಬುಟ್ಟಿ ತಂದು, ಅತ್ತೆಯವರ ಹಳೆ ಸೀರೆ ತುಂಡು ಹಾಸಿ, ಹತ್ತು ದಿನ ಸುಮ್ನೆ ನಡುಮನೆಯಲ್ಲಿ ಇಟ್ಟಿರಿ. ತಾನೇ ಹೋಗಿ ಮಲಗುತ್ತಾಳೆ. ಆ ದಿನ ಮುಚ್ಚಳ ಹಾಕಿ ಎತ್ತಿಕೊಂಡು ಹೊರಡಿ.